ನೀರು ಮುಟ್ಟದ ವರ

ಕನ್ಯೆ ನೋಡಲು ಬಂದ ವರ ಕನ್ಯೆಯ ಮುಖ ನೋಡಲೇ ಇಲ್ಲ. ಅವಳ ಕೈಯಲ್ಲಿದ್ದ ನೀರಿನ ಲೋಟವನ್ನೇ ನೋಡುತ್ತ ಬೆವೆತುಹೋದ.

"ಬ್ಯಾಡ್ರಿ," ಎಂದ, ಅಷ್ಟೇ.

ಕನ್ಯೆಯ ತಂದೆ ಬೆಟಗೇರಿಯ ಚನ್ನಬಸವಣ್ಣನವರ ಪಡಸಾಲೆಯಲ್ಲಿ ಎಲ್ಲರೂ ಮುಖ ಮುಖ ನೋಡಿಕೊಂಡರು. ಬಂದವರು ಮೊದಲು ನೀರು ಮುಟ್ಟಬೇಕು, ಮಾತೆಲ್ಲ ಆಮೇಲೆ. ನೀರು ಒಲ್ಲೆನೆಂದರೆ ಹೆಣ್ಣೇ ಒಲ್ಲೆನೆಂದ ಹಾಗೆ! ಅಜ್ಜಿ ಗುರುಸಿದ್ದವ್ವನ ಮುಖ ಹುಣಸೆಹಣ್ಣು ಕಚ್ಚಿದಂತಾಯಿತು. ವರನ ತಾಯಿ ಅದೇನೋ ಪಥ್ಯವಿದೆ ಎಂದು ತೊದಲಿದರು. ಎಂಥ ಪಥ್ಯ ಎಂದು ಕೇಳಿದರೆ ಮಾತು ಮರೆಸಿದರು.

ಕನ್ಯೆ ಸುಶ್ಮಿತಾಗೆ ಮೊದಲು ಬಂದದ್ದು ಸಿಟ್ಟು. ಮುಂಡರಗಿಯ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವವಳು ನಾನು, ಈ ಮುಳಗುಂದದ ಬೀಜದಂಗಡಿ ಸಿದ್ದಲಿಂಗೇಶನಿಗೆ ನನ್ನ ಕೈ ನೀರು ಬೇಡವೇ...

ಲೋಟ ಹಿಂತೆಗೆಯುವಾಗ ಅವನ ಮುಂಗೈ ಕಂಡಿತು. ಅಂಗಿಯ ತೋಳಿನಡಿ ನಾಲ್ಕು ಕಪ್ಪು ಕಲೆ. ಹಲ್ಲಿನ ಗುರುತು.

ಕಚ್ಚಿದ ಗಾಯ... ನೀರು ಕಂಡರೆ ಹೆದರಿಕೆ... ದೇವರೇ! ಅವಳ ಸಿಟ್ಟು ಎಲ್ಲಿ ಹೋಯಿತೋ!

ಹುಡುಗ ಹುಡುಗಿ ಎರಡು ಮಾತಾಡಲಿ ಎನ್ನುವುದು ಈಗ ಎಲ್ಲ ಮನೆಗಳಲ್ಲೂ ಇರುವ ರೂಢಿ. ಮಾಳಿಗೆ ಹತ್ತುವಾಗ ಅವಳು ಆ ಲೋಟವನ್ನೂ ಒಯ್ದಳು.

"ನಾಯಿ ಕಚ್ಚಿ ಎಷ್ಟು ದಿನಾ ಆತ್ರಿ?"

ಅವನು ಬೆಚ್ಚಿಬಿದ್ದ. ಆಮೇಲೆ ಒಂದೊಂದಾಗಿ ಹೇಳಿದ. ಹನ್ನೆರಡು ದಿನದ ಹಿಂದೆ ಮಲ್ಲಸಮುದ್ರದ ಹತ್ತಿರ ಬೈಕ್ ನಿಲ್ಲಿಸಿದಾಗ ಕಚ್ಚಿತ್ತು. ಮರುದಿನ ಆ ನಾಯಿ ಜೊಲ್ಲು ಸುರಿಸುತ್ತ ಸತ್ತಿತಂತೆ. ಮೆಡಿಕಲ್ ಅಂಗಡಿಯವನು ಐದು ದಿನಕ್ಕೆ ಗುಳಿಗೆ ಕೊಟ್ಟಿದ್ದ, ಗಾಯ ಮಾಯ್ದಿತ್ತು. ತಾಯಿ ಯಾವುದೋ ಹಳ್ಳಿಯಿಂದ ಬೇರಿನ ಔಷಧ ತಂದಿದ್ದರು. ಇಪ್ಪತ್ತೊಂದು ದಿನ ಬೇರೆ ಮನೆಯ ನೀರು ಮುಟ್ಟಬಾರದೆಂಬುದು ಅದರ ಪಥ್ಯ. ಇಷ್ಟು ಹೇಳಿ ದನಿ ತಗ್ಗಿಸಿದ. ನಿನ್ನೆಯಿಂದ ಗಂಟಲು ಬಿಗಿದಂತಿದೆ, ಇವತ್ತು ತನ್ನ ಮನೆಯ ನೀರನ್ನೂ ಬಾಯಿಗೆ ಹಾಕುವ ಧೈರ್ಯವಾಗಿಲ್ಲ.

"ರೋಗಾನೋ ಅಂಜಿಕಿನೋ ತಿಳೀವಲ್ದು ನೋಡ್ರಿ," ಎಂದ.

ಸುಶ್ಮಿತಾಗೆ ಗೊತ್ತಿತ್ತು. ಹುಚ್ಚುನಾಯಿಯ ಆ ರೋಗ, ರೇಬೀಸ್, ಮಿದುಳು ಮುಟ್ಟಿ ಗಂಟಲು ಹಿಡಿಯಿತೆಂದರೆ ಮುಗಿಯಿತು. ಇವನನ್ನು ಉಳಿಸುವ ಔಷಧ ಯಾವ ಊರಿನಲ್ಲೂ ಸಿಗುವುದಿಲ್ಲ.

"ಕುಡೀರಿ," ಎಂದಳು. ನೀರು ಇಳಿದರೆ ಇದು ಬರೀ ಅಂಜಿಕೆ.

ಅವನು ಕಣ್ಣು ಮುಚ್ಚಿ ಒಂದು ಗುಟುಕು ಕುಡಿದ. ಕೆಮ್ಮಿದ! ಎರಡನೇ ಗುಟುಕು ಇಳಿಯಿತು. ಮೂರನೆಯದೂ ಇಳಿಯಿತು. ಲೋಟ ಖಾಲಿಯಾಯಿತು.

"ಇನ್ನಷ್ಟು ಅದಾವೇನ್ರಿ ನೀರು?" ಎಂದು ಕೇಳಿದ, ಬೆಳಗಿನಿಂದ ತಡೆದ ದಾಹದಲ್ಲಿ.

ಸುಶ್ಮಿತಾ ಮೆಟ್ಟಿಲ ಮೇಲೆ ಕುಸಿದು ಅತ್ತುಬಿಟ್ಟಳು. ಅರ್ಧ ತಾಸಿನ ಹಿಂದೆ ಯಾರೆಂದೇ ಗೊತ್ತಿಲ್ಲದವನಿಗಾಗಿ ಇಷ್ಟು ಅಳು ಎಲ್ಲಿತ್ತೋ!

ಗುಳಿಗೆ ನುಂಗಿದ್ದೇನೆ, ಗಾಯ ಮಾಯ್ದಿದೆ, ಇನ್ನೇನಿದೆ ಎಂದು ಅವನೇ ಸಮಾಧಾನ ಹೇಳಲು ನೋಡಿದ.

"ಆ ಗುಳಿಗಿ ಬ್ಯಾಕ್ಟೀರಿಯಾಕ್ಕರಿ. ಅದು ಒಂದು ಜೀವಕೋಶ. ಅದಕ್ಕ ತನ್ನದ ಗೋಡಿ ಐತಿ, ತನ್ನ ಅಡಗಿ ತಾನ ಮಾಡ್ಕೋತೈತಿ. ಗುಳಿಗಿ ಆ ಗೋಡಿ ಒಡೀತೈತಿ. ನಾಯಿ ಕೊಟ್ಟಿದ್ದು ವೈರಸ್. ಅದಕ್ಕ ಗೋಡಿನೂ ಇಲ್ಲ, ಒಲಿನೂ ಇಲ್ಲ. ಹೊರಗ ಸತ್ತಂಗ ಬಿದ್ದಿರ್ತೈತಿ. ನಮ್ಮ ಜೀವಕೋಶದಾಗ ಹೊಕ್ಕಿತಂದ್ರ ನಮ್ಮ ಒಲಿ ಮ್ಯಾಲ ತನ್ನಂಥಾವನ್ನ ಸಾವಿರಗಟ್ಟಲೆ ಮಾಡ್ಕೋತೈತಿ. ಇಲ್ಲದ ಗೋಡಿ ಗುಳಿಗಿ ಹ್ಯಾಂಗ ಒಡೀಬೇಕ್ರಿ?"

ಅವನು ಅಂಗಿಯ ತೋಳು ಸರಿಸಿ ಕಲೆ ನೋಡಿಕೊಂಡ. "ಹಂಗಾರ ನನ್ನ ಕತಿ..."

"ಅದು ನರದ ಗುಂಟ ಮಿದುಳಿಗೆ ಹತ್ತಾಕ ಇನ್ನೂ ಹೊತ್ತೈತಿ. ಅದಕಿಂತ ಮೊದ್ಲ ಸೂಜಿ ಬೀಳಬೇಕು. ಏಳ್ರಿ."

ಕನ್ಯೆ ತನ್ನ ಸ್ಕೂಟಿಯ ಹಿಂದೆ ವರನನ್ನು ಕೂರಿಸಿಕೊಂಡು ಹೋದದ್ದನ್ನು ಓಣಿಯೇ ಬಾಗಿಲಿಗೆ ಬಂದು ನೋಡಿತು. ಗುರುಸಿದ್ದವ್ವ ಹಣೆ ಬಡಿದುಕೊಂಡಳು. ಆಸ್ಪತ್ರೆಯಲ್ಲಿ ಕೈಯನ್ನು ಸೋಪು ಹಚ್ಚಿ ತೊಳೆದರು, ಗಾಯದ ಸುತ್ತ ಸೂಜಿ ಚುಚ್ಚಿದರು, ತೋಳಿಗೂ ಹಾಕಿದರು. ತಡ ಮಾಡಿ ಬಂದಿದ್ದೀರಿ, ಇನ್ನೊಂದು ದಿನವೂ ತಪ್ಪಬಾರದು ಎಂದು ವೈದ್ಯರು ಗದರಿದರು. ಕೊನೆಯ ಸೂಜಿ ಇಪ್ಪತ್ತೆಂಟನೇ ದಿನಕ್ಕೆ.

ಮೂರೇ ದಿನಕ್ಕೆ ಮುಳಗುಂದದಿಂದ ಖಬರು ಬಂತು. ಈ ಸಂಬಂಧ ಬೇಡವಂತೆ.

ವರನನ್ನೇ ಊರೆದುರು ಎಳೆದುಕೊಂಡು ಹೋದ ಹುಡುಗಿ ಯಾರಿಗೆ ಬೇಕು... ಸುಶ್ಮಿತಾ ತುಟಿ ಕಚ್ಚಿಕೊಂಡಳು. ಅವನು ಒಲ್ಲೆನೆಂದರೂ ಅವನಿಗೇನಾಗುವುದೋ ಎಂಬ ಭಯ ಅವಳನ್ನು ಒಲ್ಲೆನ್ನಲಿಲ್ಲ. ಜೀವಕೋಶದ ಚಿತ್ರ ಬರೆಯುತ್ತ ಬರೆಯುತ್ತ ಸೀಮೆಸುಣ್ಣ ನಿಂತುಬಿಡುತ್ತಿತ್ತು. ಇಷ್ಟು ಹೊತ್ತಿಗೆ ಅವನಿಗೆ ಜ್ವರ ಬಂದಿದ್ದರೆ? ಗಾಯ ಜುಮುಗುಡುತ್ತಿದ್ದರೆ? ಸೂಜಿಯ ದಿನಗಳಂದು ಆ ಆಸ್ಪತ್ರೆಯ ನರ್ಸ್ ಬಾನುಬಿಗೆ ಫೋನು ಹಚ್ಚಿ, ಅವನು ಬಂದಿದ್ದನೇ ಎಂದಷ್ಟೇ ಕೇಳಿ ಇಟ್ಟುಬಿಡುತ್ತಿದ್ದಳು.

ಇಪ್ಪತ್ತೆಂಟನೇ ದಿನ ತಡೆಯಲಾಗಲಿಲ್ಲ. ರಜೆ ಹಾಕಿ ಮುಂಡರಗಿಯಿಂದ ಬಸ್ಸು ಹತ್ತಿದಳು.

ಅವನು ಆಸ್ಪತ್ರೆಯ ಬೆಂಚಿನ ಮೇಲೆ ತೋಳು ಮಡಚಿ ಕೂತಿದ್ದ. ಬದುಕಿದ್ದಾನೆ! ಅವಳಿಗೆ ಮೊದಲು ಅನಿಸಿದ್ದು ಅದೊಂದೇ.

"ನನ್ನ ಯಾಕ ಒಲ್ಲೆ ಅಂದ್ರಿ?"

ಅವನು ತಲೆ ತಗ್ಗಿಸಿದ. "ನಿಮ್ಮನ್ನ ಹ್ಯಾಂಗ ಒಲ್ಲೆ ಅಂದೇನ್ರಿ? ಆ ದಿನದಿಂದ ನಿಮ್ಮನ್ನ ಬಿಟ್ಟು ಬ್ಯಾರೆ ನೆನಪ ಇಲ್ಲ ನನಗ. ಲಗ್ನಾಗಿ ನಾ ಸತ್ರ ನಿಮ್ಮ ಗತಿ ಏನು ಅಂತ ಅಂಜಿ ಹೇಳಿ ಕಳಿಸೀನಿ."

"ಈಗ ಡಾಕ್ಟರ್ ಏನಂದ್ರು?"

"ಇನ್ನ ಅಂಜೂ ಕಾರಣ ಇಲ್ಲಂದ್ರು. ಎದಿ ಕೇಳವಲ್ದು."

"ನಂದೂ ಕೇಳವಲ್ದು." ಸುಶ್ಮಿತಾ ಪಕ್ಕದಲ್ಲೇ ಕೂತಳು. ಕಣ್ಣು ತುಂಬಿ ಬಂದಿತ್ತು. "ಇಪ್ಪತ್ತೆಂಟು ದಿನಾ ಒಬ್ಬಾಕಿನ ಅಂಜೀನಿ. ಸಾಕಾಗೇತಿ. ಇನ್ನ ಕೂಡೇ ಅಂಜೂಣು."

ಅವನು ಮೊದಲ ಸಲ ಅವಳ ಮುಖವನ್ನು ಪೂರ್ತಿ ನೋಡಿದ.

"ಎಷ್ಟು ದಿನಾರಿ?"

"ಇಬ್ರ ತಲಿನೂ ಬೆಳ್ಳಗಾಗೂತನಾ."