ಎರಡು ಕಾಲಿಗೆ ಎರಡು ಅಳತೆ

"ಉಸಿರು ಬಿಗಿ ಹಿಡೀಬೇಡಿ. ಬಿಟ್ಟುಬಿಡಿ… ಇನ್ನೊಂದೇ ನಿಮಿಷ."

ಪರದೆಯ ಆಚೆಯಿಂದ ಗಂಡಸಿನ ಧ್ವನಿ. ನೂಬಿಯಾಳ ಕಿವಿಗಳು ಕಾದು ಕೆಂಪಾಗಿದ್ದವು.

ಮೆಡೆಲಿನ್ ನಗರದ ಕಾರಾಬೋಬೊ ಬೀದಿಯ ಬಟ್ಟೆ ಅಂಗಡಿಯೊಂದರಲ್ಲಿ, ಬಟ್ಟೆ ತೊಟ್ಟು ನೋಡುವ, ಕೈ ಚಾಚಲೂ ಜಾಗವಿಲ್ಲದ ಕೋಣೆಯಲ್ಲಿ ಅವಳು ಸಿಕ್ಕಿಹಾಕಿಕೊಂಡಿದ್ದಳು. ಸಿಕ್ಕಿಹಾಕಿಕೊಂಡಿದ್ದು ಕೋಣೆಯಲ್ಲಲ್ಲ, ಮರಳಿನ ಬಣ್ಣದ ಒಂದು ಚಿನೋ ಪ್ಯಾಂಟಿನಲ್ಲಿ. ಎಡಸೊಂಟದ ಹತ್ತಿರ ಬಟ್ಟೆ ಕಚ್ಚಿ ಕೂತಿತ್ತು. ಜಿಪ್ ಮೇಲಕ್ಕೂ ಹೋಗದು, ಕೆಳಕ್ಕೂ ಬಾರದು. ಅಂಗಡಿಯ ಹುಡುಗಿ ಎಳೆದು ಸೋತು, ಮೂಲೆಯಲ್ಲಿ ಉದ್ದ ಗಿಡ್ಡ ಸರಿಮಾಡಿಕೊಡುವ ದರ್ಜಿಯನ್ನು ಕರೆದಿದ್ದಳು.

ಹೊರಗೆ ಸರದಿಯಲ್ಲಿ ನಿಂತ ಹೆಂಗಸೊಬ್ಬಳು ಕಿಸಕ್ಕನೆ ನಕ್ಕಿದ್ದು ಕೇಳಿಸಿತು.

"ಪರದೆ ತೆಗೀಬೇಡಿ," ಎಂದಳು ನೂಬಿಯಾ.

"ತೆಗಿಯಲ್ಲ. ಪಕ್ಕದ ಹೊಲಿಗೆ ಮಾತ್ರ ಸಂದಿಯಿಂದ ಈಚೆಗೆ ಬರಲಿ. ನಾನು ಗೋಡೆ ನೋಡ್ಕೊಂಡಿರ್ತೀನಿ."

ಹೊಲಿಗೆ ಒಂದೊಂದಾಗಿ ಬಿಚ್ಚಿಕೊಂಡಿತು. ಸೊಂಟ ಸಡಿಲವಾಯಿತು. ಅದರ ಜೊತೆಗೆ ಇನ್ನೇನೋ ಸಡಿಲವಾಗಿ ಅವಳ ಕಣ್ಣು ತುಂಬಿ ಬಂತು.

"ಅಂಗಡಿಯವರಿಗೆ ನಾನು ಹೇಳ್ತೀನಿ, ಇದನ್ನ ಮತ್ತೆ ಹೊಲಿದಿಡ್ತೀನಿ. ನೀವು ಅಳಬೇಡಿ."

"ನಾನು ಅಳ್ತಿಲ್ಲ."

"ಸರಿ. ಅಳ್ತಿಲ್ಲ." ಎಂದ ಅವನು. "ತಪ್ಪು ಪ್ಯಾಂಟಿಂದು. ನಿಮ್ಮದಲ್ಲ."

ಇಪ್ಪತ್ತೊಂಬತ್ತು ವರ್ಷಗಳಲ್ಲಿ ಹಾಗೆ ಹೇಳಿದ ಮೊದಲ ಮನುಷ್ಯ ಅವನು.

ನೂಬಿಯಾ ಆರು ವರ್ಷದವಳಿದ್ದಾಗ ಗುಡ್ಡದ ಮೇಲಿನ ತಮ್ಮ ಕೇರಿಯ ಮೆಟ್ಟಿಲಿಂದ ಉರುಳಿ ಬಿದ್ದಿದ್ದಳು. ಮುರಿದ ಸೊಂಟ ಸರಿಯಾಗಿ ಕೂಡಲಿಲ್ಲ. ಬಲಗಾಲು ಮೂರು ಬೆರಳಿನಷ್ಟು ಗಿಡ್ಡವಾಗಿಯೇ ಉಳಿಯಿತು. ಭಾರವನ್ನೆಲ್ಲ ಹೊತ್ತು ಹೊತ್ತು ಎಡಸೊಂಟ ಉಬ್ಬಿತು, ಬಲಗಡೆ ಸೊರಗಿತು. ಉದ್ದನೆಯ ಲಂಗ ಎಲ್ಲವನ್ನೂ ಮುಚ್ಚುತ್ತಿತ್ತು. ಆದರೆ ಅವಳು ಸ್ವಾಗತಕಾರಿಣಿಯಾಗಿದ್ದ ಹಲ್ಲಿನ ಆಸ್ಪತ್ರೆಯಲ್ಲಿ ಹೊಸ ನಿಯಮ ಬಂತು. ಎಲ್ಲ ಹೆಂಗಸರಿಗೂ ಬಿಳಿ ಅಂಗಿ, ಮರಳಿನ ಬಣ್ಣದ ಚಿನೋ. ಮೂರು ತಿಂಗಳ ಗಡುವು.

"ನನಗೊಬ್ಬಳಿಗೆ ಲಂಗ ಹಾಕೋಕೆ ಬಿಡಿ," ಎಂದು ಕೇಳಿದ್ದಳು.

"ನಿಯಮ ಎಲ್ಲರಿಗೂ ಒಂದೇ ಕಣಮ್ಮ," ಎಂದಿದ್ದರು ಮ್ಯಾನೇಜರ್, ಕಂಪ್ಯೂಟರಿನಿಂದ ಕಣ್ಣೆತ್ತದೆ.

ಅಲ್ಲಿಂದ ಹನ್ನೊಂದು ಅಂಗಡಿ ಸುತ್ತಿದ್ದಳು. ಸೊಂಟಕ್ಕೆ ಸರಿಹೋದರೆ ತೊಡೆಯೊಳಗೆ ಇಳಿಯದು. ತೊಡೆಗೆ ಇಳಿದರೆ ಬೆನ್ನ ಹಿಂದೆ ಮುಷ್ಟಿ ತೂರುವಷ್ಟು ಬಾಯಿ ಬಿಡುತ್ತದೆ. ಬಲಗಾಲಿನ ಅಂಚು ನೆಲ ಗುಡಿಸುತ್ತದೆ. ಇದು ಹನ್ನೆರಡನೆಯ ಅಂಗಡಿ.

ಕೋಣೆಯಿಂದ ಹೊರಬಂದಾಗ ಅವನು ನಿಜಕ್ಕೂ ಗೋಡೆಗೆ ಮುಖಮಾಡಿ ನಿಂತಿದ್ದ. ಸಣ್ಣಗಿನ ಆಳು, ಮೂವತ್ತೈದರ ಆಸುಪಾಸು. ಹೆಸರು ಅಲ್ಬೇರೊ.

"ಭಾನುವಾರ ಅರಾನ್ಹ್ವೆಸ್ ಕೇರಿಗೆ, ನಮ್ಮನೆಗೆ ಬನ್ನಿ. ಅಮ್ಮ ಇರ್ತಾರೆ, ಹೆದರಬೇಡಿ. ನಿಮಗೆ ಆಗೋದು ಅಂಗಡೀಲಿ ಸಿಗಲ್ಲ. ಹೊಲೀಬೇಕು."

ಹೋಗಬಾರದು ಅಂದುಕೊಂಡೇ ಅವಳು ಹೋದಳು.

ಅವನ ತಾಯಿ ಒಫೇಲಿಯಾ ಬೆಲ್ಲದ ಬಿಸಿನೀರಿಗೆ ಚೀಸಿನ ತುಂಡು ಹಾಕಿ ತಂದಿಟ್ಟರು. "ನನ್ನ ಮಗ ಜನರ ಮುಖ ನೋಡಲ್ಲ ಕಣಮ್ಮ. ಸೊಂಟ ನೋಡಿ ಗುರುತು ಹಿಡೀತಾನೆ. ಚರ್ಚಿನಲ್ಲಿ ಪಾದ್ರಿಗಳನ್ನೂ ಹಾಗೇ."

"ಅಮ್ಮ, ಸಾಕು."

ಅಲ್ಬೇರೊ ಬಟ್ಟೆಯನ್ನು ಮೇಜಿನ ಮೇಲೆ ಹರಡಿದ. "ಎಲ್ಲರೂ ಬಟ್ಟೆ ಮಡಚಿ ಎರಡು ಕಾಲನ್ನೂ ಒಂದೇ ಸಲ ಕತ್ತರಿಸ್ತಾರೆ. ಅದಕ್ಕೇ ನಿಮಗೆ ಯಾವುದೂ ಆಗಲ್ಲ. ನಾನು ಬಿಡಿಸಿಟ್ಟು ಕತ್ತರಿಸ್ತೀನಿ. ಎಡಗಾಲಿಗೆ ಬೇರೆ, ಬಲಗಾಲಿಗೆ ಬೇರೆ."

ಟೇಪು ಅವಳ ಬಲಸೊಂಟವನ್ನು ಸುತ್ತಿತು. ಡಾಕ್ಟರುಗಳನ್ನು ಬಿಟ್ಟರೆ ಆ ಜಾಗವನ್ನು ಯಾರೂ ಮುಟ್ಟಿರಲಿಲ್ಲ. ಅವನ ಬೆರಳು ಹೆದರಲಿಲ್ಲ, ಅವಸರವನ್ನೂ ಮಾಡಲಿಲ್ಲ.

ಮೊದಲು ಹಳೆಯ ಹಾಸಿಗೆ ಬಟ್ಟೆಯಲ್ಲಿ ಒಂದು ಹೊಲಿದ. ನೀಲಿ ಹೂವಿನ ಆ ಪ್ಯಾಂಟು ತೊಟ್ಟು ಅವಳು ಕೂತಳು, ಎದ್ದಳು, ಮನೆ ಮುಂದಿನ ಮೆಟ್ಟಿಲು ಹತ್ತಿ ಇಳಿದಳು. ಎಲ್ಲಿ ಬಟ್ಟೆ ಎಳೆಯುತ್ತದೋ ಅಲ್ಲಿ ಅವನು ಸೀಮೆಸುಣ್ಣದಲ್ಲಿ ಗೀರು ಹಾಕಿದ. ಮುಂದಿನ ಭಾನುವಾರ ಮತ್ತೆ. ಅದರ ಮುಂದಿನ ಭಾನುವಾರ ಮತ್ತೆ.

ಯಾವಾಗ 'ನೀವು' ಹೋಗಿ 'ನೀನು' ಬಂತೋ ಇಬ್ಬರಿಗೂ ತಿಳಿಯಲಿಲ್ಲ. ಮೂರನೇ ಕ್ಲಾಸಿಗೇ ಶಾಲೆ ಬಿಟ್ಟಿದ್ದನ್ನು ಅವನು ಅವಳೊಬ್ಬಳಿಗೇ ಹೇಳಿದ. "ಅಂಕಿ ಬರುತ್ತೆ. ಅಕ್ಷರ ಬರೆಯೋಕೆ ಕಷ್ಟ. ಯಾರಿಗೂ ಹೇಳಬೇಡ, ನಾಚಿಕೆ ಆಗುತ್ತೆ."

"ಹೇಳಲ್ಲ," ಎಂದಳು ಅವಳು.

"ನಿನ್ನ ಪ್ಯಾಂಟು ಮುಗಿದರೆ ಭಾನುವಾರ ಏನು ಮಾಡೋದು ಅಂತ ಯೋಚಿಸ್ತಿದ್ದೀನಿ."

"ಅಂಗಿ ಹೊಲಿಯೋಕೆ ಬರಲ್ವಾ ನಿನಗೆ?"

ಅವನು ನಕ್ಕ. ಅವಳೂ ನಕ್ಕಳು. ಒಳಗೆ ಒಫೇಲಿಯಾ ಕೂಡ ನಕ್ಕಿದ್ದು ಕೇಳಿಸಿತು.

ಐದನೇ ಭಾನುವಾರ ಪ್ಯಾಂಟು ಮುಗಿಯಿತು.

ನೂಬಿಯಾ ಕನ್ನಡಿಯ ಮುಂದೆ ನಿಂತಳು. ಸೊಂಟದ ಪಟ್ಟಿ ಎಲ್ಲೂ ಬಾಯಿ ಬಿಟ್ಟಿರಲಿಲ್ಲ. ಎರಡೂ ಕಾಲಿನ ಗೆರೆ ನೇರವಾಗಿ ಇಳಿದು, ಎರಡೂ ಅಂಚು ಬೂಟಿನ ಮೇಲೆ ಒಂದೇ ಎತ್ತರದಲ್ಲಿ ನಿಂತಿದ್ದವು. ಸುಮ್ಮನೆ ಒಬ್ಬ ಹೆಂಗಸು. ಅಷ್ಟೇ ಅಲ್ಲವೇ ತಾನು ಇಷ್ಟು ವರ್ಷ ಕೇಳಿಕೊಂಡಿದ್ದು…

ಅಲ್ಬೇರೊ ಅವಳನ್ನೇ ನೋಡುತ್ತಿದ್ದ. ಅವನ ಕಣ್ಣು ಅವಳ ಸೊಂಟದ ಮೇಲಿರಲಿಲ್ಲ, ಮುಖದ ಮೇಲಿತ್ತು.

ಹಿಂಬದಿ ಹೇಗಿದೆಯೆಂದು ನೋಡಲು ಅವಳು ತಿರುಗಿದಳು. ಅವಳು ಇದುವರೆಗೆ ಗಮನಿಸಿರದ ಎದುರಿನ ಗೋಡೆಯಲ್ಲಿ ಸಾಲಾಗಿ ಮೊಳೆಗಳು. ಒಂದೊಂದು ಮೊಳೆಗೂ ಗಿರಾಕಿಗಳ ಅಳತೆಗೆ ಕತ್ತರಿಸಿದ ಕಂದು ಕಾಗದದ ಕಟ್ಟು. ಒಂದರ ಮೇಲೆ ದಪ್ಪ ಪೆನ್ಸಿಲಿನಲ್ಲಿ 'ಡೊಳ್ಳುಹೊಟ್ಟೆ' ಎಂದಿತ್ತು. ಇನ್ನೊಂದರ ಮೇಲೆ 'ಗೂನ'. ಕೊನೆಯದರ ಮೇಲೆ ಅವಳ ಅಂಕಿಗಳು, ಅದರ ಮೇಲೆ ವಕ್ರವಕ್ರ ಅಕ್ಷರಗಳಲ್ಲಿ ಒಂದೇ ಪದ.

ಕುಂಟಿ.

ಶಾಲೆಯಲ್ಲಿ ಹತ್ತು ವರ್ಷ ಬೆನ್ನ ಹಿಂದೆ ಕೇಳಿದ ಪದ. ಅದು ಇಲ್ಲಿ, ಈ ಮನೆಯ ಗೋಡೆಯ ಮೇಲೆ, ಇವನ ಕೈಬರಹದಲ್ಲಿ.

"ಇದು ಯಾರದು?"

ಅಲ್ಬೇರೊ ತಿರುಗಿ ನೋಡಿದ. ಅವನ ಮುಖ ಬಿಳಿಚಿಕೊಂಡಿತು. "ಅದು… ಮೊದಲ ದಿನ ಬರೆದಿದ್ದು. ನಿನ್ನ ಹೆಸರು ಆಗ ಸರಿಯಾಗಿ…"

"ಐದು ಭಾನುವಾರ ಆಯ್ತು."

"ಈ ಕೆಲಸದಲ್ಲಿ ಹಾಗೇ ಬರೀತಾರೆ ನೂಬಿಯಾ. ನನ್ನ ಮೇಸ್ತ್ರಿ ಕಲಿಸಿದ್ದು. ಗುರುತಿಗೆ ಅಷ್ಟೇ. ದಿನಾ ಅದರ ಮುಂದೇನೇ ಕೂತಿರ್ತೀನಿ, ನನಗೆ ಕಾಣಿಸಲೇ ಇಲ್ಲ…"

"ಹೌದು. ನಿನಗೆ ಕಾಣಿಸಲ್ಲ."

ಅವಳು ಒಳಗೆ ಹೋಗಿ ಲಂಗ ಉಟ್ಟು ಬಂದಳು. ಪ್ಯಾಂಟನ್ನು ಗೆರೆ ಕೂಡಿಸಿ ಮಡಚಿ ಮೆಷಿನ್ನಿನ ಮೇಲಿಟ್ಟಳು. ಅಡುಗೆಮನೆಯಿಂದ ಒಫೇಲಿಯಾ, "ಮಗಳೇ, ರೊಟ್ಟಿ ಬೇಯ್ತಾ ಇದೆ, ಎಲ್ಲಿಗೆ ಹೊರಟೆ?" ಎಂದರು. ಅವಳು ಆಗಲೇ ಮನೆ ಮುಂದಿನ ಮೆಟ್ಟಿಲು ಇಳಿಯುತ್ತಿದ್ದಳು.

ಮಂಗಳವಾರ ಅವನು ಪ್ಯಾಂಟಿನ ಪೊಟ್ಟಣ ಹಿಡಿದು ಆಸ್ಪತ್ರೆಗೇ ಬಂದ. ಬೆಂಚುಗಳ ತುಂಬ ರೋಗಿಗಳಿದ್ದರು.

"ಒಂದು ಮಾತು ಕೇಳು. ತಪ್ಪಾಯ್ತು. ಆ ಕಾಗದ ಹರಿದು ಹಾಕಿದ್ದೀನಿ."

ಅವಳ ಎದೆಯೊಳಗೆ ಹತ್ತು ವರ್ಷದ ಆ ಶಾಲೆಯ ಅಂಗಳ ಕುದಿಯುತ್ತಿತ್ತು. ಯಾವ ಮಾತು ಆಳಕ್ಕೆ ಇಳಿಯುತ್ತದೆಂದು ಅವಳಿಗೆ ಗೊತ್ತಿತ್ತು. ಅವನೇ ಹೇಳಿಕೊಟ್ಟಿದ್ದ.

"ನೆಟ್ಟಗೆ ನಾಲ್ಕಕ್ಷರ ಬರೆಯೋಕೆ ಬರದವನು," ಎಂದಳು, ಎಲ್ಲರಿಗೂ ಕೇಳುವಂತೆ. "ಮೂರನೇ ಕ್ಲಾಸಿಗೇ ಶಾಲೆ ಬಿಟ್ಟು ಓಡಿಹೋದವನು. ಕಲಿತಿದ್ದೇ ಒಂದು ಪದ, ಅದನ್ನೂ ನನ್ನ ಮೇಲೇ ಬರೆದೆ."

ಬೆಂಚಿನಲ್ಲಿ ಯಾರೋ ನಕ್ಕರು. ಬಟ್ಟೆ ಅಂಗಡಿಯಲ್ಲಿ ಅವಳು ಕೇಳಿದಂಥದೇ ನಗು.

ಅಲ್ಬೇರೊ ತಲೆಯಾಡಿಸಿದ. ಪೊಟ್ಟಣ ಕೌಂಟರಿನ ಮೇಲಿಟ್ಟು ಹೊರಟುಹೋದ. ಅವಳು ಅದನ್ನು ಕಾವಲುಗಾರನ ಕೈಯಲ್ಲಿ ಅವನ ಹಿಂದೆಯೇ ಕಳಿಸಿದಳು.

ಆಮೇಲೆ ದಿನಾ ಸಂಜೆ ಅವನು ಎದುರಿನ ಬಸ್ ಸ್ಟಾಪಿನಲ್ಲಿ ನಿಲ್ಲತೊಡಗಿದ. ಬಸ್ಸು ಬಂದರೂ ಹತ್ತುತ್ತಿರಲಿಲ್ಲ. ನೂಬಿಯಾ ಮಹಡಿಯ ಕಿಟಕಿಯಿಂದ ನೋಡಿ, ಹಿಂದಿನ ಬಾಗಿಲಿಂದ ಮನೆಗೆ ಹೋಗುತ್ತಿದ್ದಳು.

"ಇಳಿದು ಹೋಗೇ," ಎಂದಳು ಜೊತೆಯಲ್ಲಿ ಕೆಲಸ ಮಾಡುವ ಯಮೀಲೆ. "ಪಾಪ, ಮೂರು ವಾರ ಆಯ್ತು."

"ನಿಲ್ಲಲಿ. ನಾನೂ ಶಾಲೆ ಅಂಗಳದಲ್ಲಿ ಹೀಗೇ ಬಹಳ ವರ್ಷ ನಿಂತಿದ್ದೀನಿ."

ಅವನು ನಿಂತಿರುವುದನ್ನು ನೋಡುವುದರಲ್ಲಿ ಒಂದು ರುಚಿಯಿತ್ತು. ನಾಳೆ ಹೋಗುತ್ತೇನೆ, ನಾಡಿದ್ದು ಹೋಗುತ್ತೇನೆ, ಇನ್ನೊಂದಿಷ್ಟು ನೋಯಲಿ… ಎಂದುಕೊಳ್ಳುತ್ತಲೇ ಒಂದು ಸಂಜೆ ಬಸ್ ಸ್ಟಾಪು ಖಾಲಿಯಾಗಿತ್ತು. ಮರುದಿನವೂ ಖಾಲಿ. ಒಂಬತ್ತನೆಯ ದಿನ ಅವಳು ಅರಾನ್ಹ್ವೆಸಿಗೆ ಓಡಿದಳು. ಬಾಗಿಲಿಗೆ ಬೀಗ.

"ತಾಯಿ ಮಗ ಇಬ್ಬರೂ ಪೆರೇರಾಕ್ಕೆ ಹೋದರು, ಅವನ ಅಕ್ಕನ ಹತ್ರ," ಎಂದಳು ಪಕ್ಕದ ಮನೆಯವಳು. "ವಿಳಾಸ ನನಗೆ ಗೊತ್ತಿಲ್ಲ. ನೀನೇನಾ ಅವಳು?"

ಅವಳೇ. ಆದರೆ ಅಲ್ಲವೆಂದಳು.

ದೊಡ್ಡ ಅಳತೆಯ ಚಿನೋಗೆ ಬೆಲ್ಟು ಬಿಗಿದು, ಪಿನ್ನು ಚುಚ್ಚಿಕೊಂಡು ಅವಳು ಕೆಲಸಕ್ಕೆ ಹೋದಳು. ಎರಡು ತಿಂಗಳಿಗೆ ಮ್ಯಾನೇಜರ್ ಅವಳನ್ನು ಹಿಂದಿನ ಕಡತದ ಕೋಣೆಗೆ ಹಾಕಿದರು. "ಅಲ್ಲಿ ನಿನಗೆ ಆರಾಮ ಕಣಮ್ಮ. ಯಾರೂ ನೋಡಲ್ಲ." ಆ ಕೋಣೆಯಲ್ಲಿ ಒಂಬತ್ತು ವರ್ಷ ಕಳೆಯಿತು. ಹೆಂಡತಿ ಸತ್ತ ಒಬ್ಬರು ಮದುವೆಗೆ ಕೇಳಿ ಕಳಿಸಿದರು, ಅವಳು ಒಪ್ಪಲಿಲ್ಲ. ಸೊಂಟದ ನೋವು ಹೆಚ್ಚಿ ಕೈಗೆ ಕೋಲು ಬಂತು. ಅಲ್ಬೇರೊನ ಮೇಲಿನ ಸಿಟ್ಟು ಯಾವಾಗ ತನ್ನ ಮೇಲೆ ತಿರುಗಿತೋ ಅವಳಿಗೆ ನೆನಪಿಲ್ಲ.

ಸೊಂಟಕ್ಕೆ ವ್ಯಾಯಾಮ ಮಾಡಿಸುವ ಕಡೆ ಒಂದು ದಿನ ಒಬ್ಬಳು ಹೆಂಗಸು ಎದುರಿಗೆ ಕೂತಿದ್ದಳು. ಕಾಲು ಸೊಟ್ಟಗಿತ್ತು, ಆದರೆ ಅವಳ ಹಸಿರು ಚಿನೋ ನೇರವಾಗಿತ್ತು. ಎರಡು ಕಾಲಿಗೆ ಎರಡು ಅಳತೆ. ನೂಬಿಯಾಳಿಗೆ ನೋಡಿದ ಕೂಡಲೇ ಗೊತ್ತಾಯಿತು.

"ಇದು… ಯಾರು ಹೊಲಿದಿದ್ದು?"

"ಇಲ್ಲೇ ಪಕ್ಕದ ಬೆಲ್ಲೊದಲ್ಲಿ ಒಬ್ಬರು ಪೆರೇರಾದಿಂದ ಬಂದು ಅಂಗಡಿ ಇಟ್ಟಿದ್ದಾರೆ. ನಮ್ಮಂಥವರಿಗೇ ಹೊಲಿಯೋದು. ವಿಚಿತ್ರದ ಮನುಷ್ಯ ಕಣ್ರೀ, ಟೇಪು ಮುಟ್ಟೋಕೆ ಮುಂಚೆ ಹೆಸರು ಕೇಳ್ತಾರೆ. ಅಪ್ಪನ ಕಡೆಯ ಮನೆಹೆಸರು, ಅಮ್ಮನ ಕಡೆಯದು, ಎರಡೂ. ನಿಧಾನಕ್ಕೆ ಬರೀತಾರೆ. ಒಂದಕ್ಷರ ತಪ್ಪಿದರೂ ಅಳಿಸಿ ಮತ್ತೆ ಬರೀತಾರೆ."

ನೂಬಿಯಾ ಅಂಗಡಿಯ ವಿಳಾಸ ಕೇಳಿ ಬರೆದುಕೊಂಡಳು.

ಶನಿವಾರ ಮಧ್ಯಾಹ್ನ ಬೆಲ್ಲೊದ ಆ ಅಂಗಡಿಯ ಹೊಸ್ತಿಲಲ್ಲಿ ಅವಳು ನಿಂತಳು. ಅವನು ತಲೆ ಬಗ್ಗಿಸಿ ಪೆನ್ಸಿಲ್ ಚೂಪು ಮಾಡುತ್ತಿದ್ದ. ಕೂದಲು ನರೆತಿತ್ತು.

"ಕೂತ್ಕೊಳ್ಳಿ. ಪೂರ್ತಿ ಹೆಸರು ಹೇಳಿ," ಎಂದ ನೋಡದೆಯೇ.

"ನೂಬಿಯಾ ಅಗುಡೆಲೊ ಸಿಯೆರಾ."

ಚಾಕು ನಿಂತಿತು. ಅವನು ಪೆನ್ಸಿಲನ್ನು ಮೇಜಿನ ಮೇಲಿಟ್ಟ.

"ಹೇಗಿದ್ದೀರಾ?" ಎಂದ ಕೊನೆಗೆ.

ಆ ಬಹುವಚನ ಅವಳನ್ನು ಚುಚ್ಚಿತು. "ಅಮ್ಮ?"

"ಹೋದರು. ನಾಲ್ಕು ವರ್ಷ ಆಯ್ತು. ಕೊನೇವರೆಗೂ ಕೇಳ್ತಿದ್ದರು, ಆ ಹುಡುಗಿ ಊಟ ಮಾಡದೇ ಹೋದಳಲ್ಲೋ ಅಂತ."

ಅವಳು ಅಂಗಿಯ ತೋಳಿನಲ್ಲೇ ಕಣ್ಣೊರೆಸಿಕೊಂಡಳು. "ಮದುವೆ?"

"ಆಗಿತ್ತು. ಮೂರು ವರ್ಷ. ಒಳ್ಳೇ ಹೆಂಗಸು. 'ನೀನು ನನ್ನ ಕಡೆ ನೋಡಿದಾಗ ಬೇರೆ ಯಾರನ್ನೋ ನೋಡ್ತೀಯ' ಅಂತ ಹೇಳಿ ಹೊರಟುಹೋದಳು. ಸುಳ್ಳೇನಲ್ಲ. ಅವಳಿಗೂ ಅನ್ಯಾಯ ಮಾಡಿದೆ."

ಹೊರಗೆ ಬಸ್ಸೊಂದು ಹಾದುಹೋಯಿತು. ಇನ್ನು ಹೇಳದಿದ್ದರೆ ಯಾವತ್ತೂ ಹೇಳಲಾರೆನೆಂದು ಅವಳಿಗೆ ಅನ್ನಿಸಿತು.

"ನೀನು ಬಸ್ ಸ್ಟಾಪಿನಲ್ಲಿ ನಿಂತಿರ್ತಿದ್ದೆ. ನಾನು ನೋಡ್ತಿದ್ದೆ, ದಿನಾ, ಮೇಲಿನ ಕಿಟಕಿಯಿಂದ. ಬೇಕಂತಲೇ ಇಳಿದು ಬರಲಿಲ್ಲ. ನೀನು ನೋಯೋದು ನನಗೆ ಬೇಕಿತ್ತು."

"ಗೊತ್ತಿತ್ತು."

"ಗೊತ್ತಿತ್ತಾ?"

"ಪರದೆ ಅಲ್ಲಾಡ್ತಿತ್ತು." ಅವನ ಧ್ವನಿ ಒರಟಾಯಿತು. "ಅದಕ್ಕೇ ನಿಲ್ತಿದ್ದೆ. ಅದಕ್ಕೇ ಹೊರಟೂ ಹೋದೆ. ಒಂದು ದಿನ ಅನ್ನಿಸಿತು, ಇವಳು ನನ್ನ ನೋಡ್ತಾಳೆ, ಬರಲ್ಲ ಅಂತ. ಒಂಬತ್ತು ವರ್ಷ ನೂಬಿಯಾ. ನಾನೂ ನಿನ್ನ ಹತ್ರ ವಾಪಸ್ ಬರಬಹುದಿತ್ತು. ಬರಲಿಲ್ಲ. ಹಟ."

"ನಿನ್ನನ್ನ ಎಲ್ಲರ ಮುಂದೆ ಹಾಗಂದೆನಲ್ಲ… ಅದು ನನಗೆ ಮರೆತೇ ಇಲ್ಲ."

"ನನಗೂ ಮರೆತಿಲ್ಲ. ಸಿಟ್ಟು ಇನ್ನೂ ಇದೆ."

"ನನಗೂ ಇದೆ," ಎಂದಳು ಅವಳು. "ಎಷ್ಟಿದ್ದರೂ ನೀನೇ ಬೇಕು ಅನ್ನಿಸುತ್ತೆ. ಆಗಲೂ ಅಷ್ಟೇ, ಈಗಲೂ ಅಷ್ಟೇ. ಹೇಳೋಕೆ ಬಂದಿದ್ದು ಇಷ್ಟೇ."

ಅವನು ಎದ್ದು ಬಂದ. ಅವಳ ಕೈಯಿಂದ ಕೋಲನ್ನು ತೆಗೆದುಕೊಂಡು ಮೇಜಿಗೆ ಒರಗಿಸಿಟ್ಟ. ಆ ಕೈಯನ್ನು ಹಿಡಿದುಕೊಂಡು ನಿಂತ, ಕಳೆದುಹೋಗಿದ್ದು ಮತ್ತೆ ಸಿಕ್ಕಿತೆಂಬ ಸಂತೋಷವಿಲ್ಲದೆ, ಎಷ್ಟು ಕಳೆದುಹೋಯಿತೆಂದು ಈಗಷ್ಟೇ ಅರಿವಾದವನ ಹಾಗೆ. ಅವಳ ಕೂದಲಲ್ಲೂ ನರೆಯಿತ್ತು. ಅವನು ಅದನ್ನು ನೋಡಿದ.

"ನಮಗೆ ಒಂದು ಮಗು ಇರಬಹುದಿತ್ತು," ಎಂದ.

"ಇರಬಹುದಿತ್ತು."

ಇಬ್ಬರೂ ಅತ್ತರು, ಸದ್ದಿಲ್ಲದೆ. ಸ್ವಲ್ಪ ಹೊತ್ತಾದ ಮೇಲೆ ಅವನು ಕೇಳಿದ, "ಕೊನೇ ಬಸ್ಸು ಎಷ್ಟು ಗಂಟೆಗೆ ನಿನಗೆ?"

"ನಾನು ಹೋಗ್ತೀನಿ ಅಂತ ಯಾರು ಹೇಳಿದರು?"

ಅವನು ಅವಳ ಮುಖವನ್ನೇ ನೋಡಿದ. ಆಮೇಲೆ ಹೋಗಿ ಕಾಫಿಗೆ ನೀರಿಟ್ಟ.