ಚಮಚ ನಿಲ್ಲುವಷ್ಟು ಹೊತ್ತು

“ಚಮಚ ನೆಟ್ಟಗೆ ನಿಂತ್ರೆ ಅದು ಊಟ, ಅಡ್ಡ ಬಿದ್ರೆ ಅದು ನೀರು! ಹುಟ್ಟಿದಾಗಿನಿಂದ ಒಲೆ ಮುಂದೆ ನಿಂತಿದೀನಿ, ನನಗೇ ಹೇಳಿಕೊಡ್ತೀಯಾ?”

ದೊಡ್ಡಮ್ಮನ ಗಂಟಲು ಕ್ಯಾಂಟೀನಿನ ಆಚೆ ಗೋಡೆಗೆ ಬಡಿದು ವಾಪಸು ಬಂತು. ಮೂಲೆ ಮೇಜಿನ ಟೈಲರ್ ಮಾವ ಸುಮ್ಮನಿರುವ ಆಸಾಮಿಯೇ?

“ಹಾಗಾದ್ರೆ ಜೇನುತುಪ್ಪ? ಅದರಲ್ಲಿ ಚಮಚ ಒಂದು ಗಳಿಗೆ ನಿಲ್ಲುತ್ತೆ, ಆಮೇಲೆ ಮಲಗುತ್ತೆ. ಅದು ಮೊದಲು ಊಟ, ಆಮೇಲೆ ನೀರಾ?”

“ಅದು ನಿನ್ನ ಹಾಗೆ. ಅತ್ತಲೂ ಇಲ್ಲ, ಇತ್ತಲೂ ಇಲ್ಲ!”

ಇಡೀ ಕ್ಯಾಂಟೀನು ನಕ್ಕಿತು. ನಗದೆ ಉಳಿದವರು ಇಬ್ಬರೇ. ಒಬ್ಬಳು, ದೊಡ್ಡಮ್ಮನ ಕೈಕೆಳಗೆ ಅಡುಗೆ ಮಾಡುತ್ತ ಸೌಟು ಹಿಡಿದು ನಿಂತಿದ್ದ ಹುಡುಗಿ. ಕೈಯಿಂದ ಸೌಟು ಇಳಿಯುವುದೇ ಇಲ್ಲವಲ್ಲ, ಅದಕ್ಕೆ ಬೀದಿಯವರೆಲ್ಲ ಅವಳನ್ನು ‘ಸೌಟು’ ಎಂದೇ ಕರೆಯುತ್ತಿದ್ದರು. ಇನ್ನೊಬ್ಬ, ಎದುರುಗಡೆ ಹೊಸದಾಗಿ ಫೋಟೋಗಳಿಗೆ ಚೌಕಟ್ಟು ಹಾಕುವ ಅಂಗಡಿ ತೆರೆದಿದ್ದವನು. ಈ ಜಗಳಕ್ಕೆಲ್ಲ ಮೂಲ ಅವನೇ. ಅವಳು ತಂದಿಟ್ಟ ಸೂಪಿನ ಬಟ್ಟಲನ್ನು ಅವನು ಒಂದೇ ಬೆರಳಿನಿಂದ ಹಿಂದಕ್ಕೆ ತಳ್ಳಿದ್ದ!

“ನಾನು ಕೇಳಿದ್ದು ಬ್ರೆಡ್ಡು, ಮೊಟ್ಟೆ. ಈ ನೀರು ಪದಾರ್ಥ ನನಗೆ ಬೇಡ.”

“ನೀರಾ...?” ಅವಳ ಕಿವಿ ಕೆಂಪಾಯಿತು. “ಬೆಳಿಗ್ಗೆಯಿಂದ ಕುದಿಸಿದೀನಿ ರೀ! ಹೊಸಬರು ಅಂತ ಪ್ರೀತಿಯಿಂದ ಕೊಟ್ರೆ ಇಷ್ಟು ಸಸಾರನಾ?”

“ಎಷ್ಟು ಕುದಿಸಿದ್ರೂ ನೀರು ನೀರೇ ಅಲ್ವಾ?”

ಎಂಥ ಕೊಬ್ಬು! ಬಟ್ಟಲು ಕಿತ್ತುಕೊಂಡು ಹೊರಟವಳು ಬಾಗಿಲ ಬಳಿ ಸುಮ್ಮನೆ ತಿರುಗಿ ನೋಡಿದಳು. ಅವನ ಕಣ್ಣು ಅವಳ ಮೇಲಿರಲಿಲ್ಲ. ಅವಳ ಕೈಯಲ್ಲಿದ್ದ ಸೂಪಿನ ಮೇಲಿತ್ತು. ಕೊನೆಯ ಬಸ್ಸು ತಪ್ಪಿಸಿಕೊಂಡವನು ಅದರ ಹಿಂದಿನ ದೀಪ ನೋಡುವ ಹಾಗೆ...

‘ಬೇಡ ಅನ್ನೋವನು ಹೀಗೆ ನೋಡ್ತಾನಾ?’

ಆ ಪ್ರಶ್ನೆ ಅವಳೊಳಗೆ ಮುಳ್ಳಿನಂತೆ ಉಳಿದುಹೋಯಿತು.

ಅವನು ಆಮೇಲೂ ಬಂದ. ಒಣ ಬ್ರೆಡ್ಡು, ಬೇಯಿಸಿದ ಮೊಟ್ಟೆ. ಮುಂದಿಟ್ಟ ಲೋಟವನ್ನು ಮುಟ್ಟುತ್ತಲೇ ಇರಲಿಲ್ಲ. ತುಟಿ ಬಿರಿದಿರುತ್ತಿತ್ತು. ಸುಡುವ ಬಿಸಿಲಿನಲ್ಲೂ ತುಂಬುತೋಳಿನ ಅಂಗಿ. ವಾರದಲ್ಲಿ ಮೂರು ದಿನ ಅವನ ಅಂಗಡಿಯ ಶಟರ್ ಮಧ್ಯಾಹ್ನ ಕಳೆದ ಮೇಲೇ ಮೇಲೇಳುತ್ತಿತ್ತು. ಅಂಥ ದಿನ ಅವನ ಮುಖ ಹಿಂಡಿ ಒಣಹಾಕಿದ ಬಟ್ಟೆಯಂತಿರುತ್ತಿತ್ತು.

ಒಂದು ದಿನ ಅವಳು ತೀರಿಹೋದ ಅಮ್ಮನ ಫೋಟೋ ತೆಗೆದುಕೊಂಡು ಆ ಅಂಗಡಿಯ ಮೆಟ್ಟಿಲು ಹತ್ತಿದಳು. ಅಡುಗೆಮನೆಯ ಹಬೆ ಕುಡಿದೂ ಕುಡಿದೂ ಅದರ ಅಂಚು ಉಬ್ಬಿತ್ತು.

ಅವನು ಫೋಟೋವನ್ನು ಬೆಳಕಿಗೆ ಹಿಡಿದ. “ನಿಮ್ಮಮ್ಮ ಯಾರನ್ನೋ ಬೈತಾ ಇರೋ ಹಾಗಿದೆ.”

“ಫೋಟೋ ತೆಗೆದವರನ್ನ. ನಮ್ಮಪ್ಪನ್ನ!”

ಅವನು ನಕ್ಕ. ನಕ್ಕರೆ ತುಟಿಯ ಬಿರುಕು ನೋಯುತ್ತದೆಂದು ಒಂದೇ ಕಡೆ ನಕ್ಕ. ಅವಳ ಎದೆಯಲ್ಲಿ ಏನೋ ಒಂದು ಜಾರಿತು.

“ನೀವು ನೀರೇ ಯಾಕೆ ಕುಡಿಯಲ್ಲ?”

ಗಾಜು ಒರೆಸುತ್ತಿದ್ದ ಅವನ ಕೈ ನಿಂತಿತು. “ಹೊಟ್ಟೆ ಸರಿ ಇಲ್ಲ. ಗಟ್ಟಿ ಪದಾರ್ಥ ಮಾತ್ರ ತಿನ್ನಿ ಅಂದಿದಾರೆ.”

ಅಷ್ಟೇನಾ! ಸೂಪು ತಳ್ಳಿದ್ದು ತಾತ್ಸಾರದಿಂದಲ್ಲ! ಪಾಪ, ಹೊಟ್ಟೆ ಸರಿಯಿಲ್ಲ... ರಸ್ತೆ ದಾಟುವಾಗ ಅವಳ ಕಾಲು ನೆಲದ ಮೇಲಿರಲಿಲ್ಲ.

ಅಮ್ಮನ ಫೋಟೋ ಹೊಸ ಚೌಕಟ್ಟಿನೊಂದಿಗೆ ಗೋಡೆಗೆ ಬಂದ ದಿನ ಅವಳು ಅವನನ್ನು ಊಟಕ್ಕೆ ಕರೆದಳು. ಕ್ಯಾಂಟೀನಿಗೆ ರಜೆ. ದೊಡ್ಡಮ್ಮ ಬೇಕೆಂದೇ ಟೈಲರ್ ಮಾವನ ಮನೆಗೆ ಜಗಳವಾಡಲು ಹೋಗಿದ್ದಳು. ಮೇಜಿನ ಮೇಲೆ ಸಾಲಾಗಿ ಬಟ್ಟಲುಗಳು. ಹಾಲು ಮೊಟ್ಟೆಯ ಪುಡ್ಡಿಂಗು, ಕೆಂಪು ಜೆಲ್ಲಿ, ಐಸ್‌ಕ್ರೀಮು, ಕಲ್ಲಂಗಡಿಯ ಹೋಳು.

ಅವಳು ಒಂದೊಂದರಲ್ಲೂ ಚಮಚ ಚುಚ್ಚಿದಳು. ಎಲ್ಲ ಚಮಚಗಳೂ ಸಿಪಾಯಿಗಳಂತೆ ನಿಂತವು.

“ನೋಡಿ! ದೊಡ್ಡಮ್ಮನ ಪರೀಕ್ಷೆಯಲ್ಲಿ ಎಲ್ಲಾ ಪಾಸು. ಒಂದು ತೊಟ್ಟು ನೀರಿಲ್ಲ... ಎಲ್ಲಾ ಗಟ್ಟಿ!”

ಅವನು ಆ ಚಮಚಗಳನ್ನು ನೋಡಿದ. ಅವಳ ಮುಖವನ್ನು ನೋಡಿದ. ಆಮೇಲೆ ಐಸ್‌ಕ್ರೀಮಿನ ಬಟ್ಟಲನ್ನು ಹತ್ತಿರಕ್ಕೆಳೆದ.

ಎಂಥ ತಿನ್ನುವಿಕೆ ಅದು! ಕಣ್ಣು ಮುಚ್ಚಿ, ನಾಲಿಗೆಯ ಮೇಲೆ ತಡೆದು, ಕರಗಿಸಿ... ಜೆಲ್ಲಿಯ ಬಟ್ಟಲನ್ನು ಬಳಿದು ತಿಂದ. ಕಲ್ಲಂಗಡಿ ಕಚ್ಚಿದಾಗ ಅವನ ಕಣ್ಣಂಚು ಒದ್ದೆಯಾಯಿತು.

“ಇನ್ನೂ ಇದೆಯಾ?” ಅಂತ ಅವನೇ ಕೇಳಿದ.

ಇದ್ದುದನ್ನೆಲ್ಲ ಅವಳು ಬಡಿಸಿದಳು. ಕೈಯಾರೆ.

ಮಾರನೆಯ ಬೆಳಿಗ್ಗೆ ಎದುರುಗಡೆ, ಅವನು ರಾತ್ರಿ ಮಲಗುತ್ತಿದ್ದ ಅಂಗಡಿಯ ಮುಂದೆ ಆಂಬುಲೆನ್ಸ್ ನಿಂತಿತ್ತು.

ಉಸಿರಿಗಾಗಿ ಬಾಯಿ ತೆರೆದಿದ್ದ ಅವನನ್ನು ಕೂರಿಸಿಕೊಂಡೇ ಒಳಗಿಟ್ಟರು. ಅವಳು ಸೌಟು ಹಿಡಿದುಕೊಂಡೇ ಆಸ್ಪತ್ರೆಗೆ ಓಡಿದಳು.

ಕಾರಿಡಾರಿನಲ್ಲಿ ಅವನ ಅಕ್ಕ ಇದ್ದಳು. ಆ ಸೌಟನ್ನು ನೋಡಿದಳು. ಗುರುತು ಹಿಡಿಯಲು ಅಷ್ಟು ಸಾಕಾಯಿತು.

“ನೀನೇನಾ? ಏನಮ್ಮ ತಿನ್ನಿಸಿದ್ದು ನಮ್ಮ ಹುಡುಗನಿಗೆ?”

“ಗಟ್ಟಿ... ಬರೀ ಗಟ್ಟಿ ಪದಾರ್ಥ ಅಕ್ಕಾ... ಐಸ್‌ಕ್ರೀಮು, ಜೆಲ್ಲಿ...”

“ಅವನ ಎರಡು ಕಿಡ್ನಿಯೂ ಹೋಗಿವೆ! ವಾರಕ್ಕೆ ಮೂರು ಸಲ ಯಂತ್ರ ಅವನ ರಕ್ತ ತೊಳೆಯುತ್ತೆ. ಕುಡಿದ ನೀರು ಹೊರಗೆ ಹೋಗೋಕೆ ದಾರಿ ಇಲ್ಲ. ದಿನಕ್ಕೆ ಒಂದು ಸಣ್ಣ ಬಾಟಲಿ, ಅದರಲ್ಲೇ ಮಾತ್ರೆ, ಅದರಲ್ಲೇ ಕಾಫಿ! ನಿನ್ನ ಸಿಹಿ ತಿಂದು ಬಾಯಾರಿಕೆ ಕೆರಳಿ, ರಾತ್ರಿ ಹೂಜಿಗೇ ಬಾಯಿ ಹಾಕಿದ್ದಾನೆ... ಎಲ್ಲಾ ಹೋಗಿ ಶ್ವಾಸಕೋಶಕ್ಕೆ ತುಂಬಿಕೊಂಡಿದೆ!”

ಅಲ್ಲೇ ನಿಂತಿದ್ದ ನರ್ಸಮ್ಮ ಅವಳ ಭುಜ ಹಿಡಿದು ಬೆಂಚಿನ ಮೇಲೆ ಕೂರಿಸಿದಳು. “ಗೊತ್ತಿಲ್ಲದವರು ಎಲ್ರೂ ಹೀಗೇ ಅಂದ್ಕೊಳ್ತಾರೆ ಕಣಮ್ಮ. ಬಟ್ಟಲಲ್ಲಿ ಹೇಗೆ ನಿಂತಿದೆ ಅಂತ ಅಲ್ಲ ನೋಡೋದು. ಮೇಜಿನ ಮೇಲೆ ಬಿಟ್ಟರೆ ಯಾವುದು ಕರಗಿ ನೀರಾಗುತ್ತೋ, ಅದು ಇವರ ಪಾಲಿಗೆ ನೀರೇ.”

ನೀರೇ...

ಪ್ರೀತಿಯೆಂದು ಬಟ್ಟಲು ಬಟ್ಟಲು ಬಡಿಸಿದ್ದೆಲ್ಲ ಅವನನ್ನು ಒಳಗಿನಿಂದ ಮುಳುಗಿಸಿತ್ತು.

ಸಂಜೆ ಒಳಗೆ ಬಿಟ್ಟರು. ಅವನ ತೋಳಿನ ಅಂಗಿ ಮೇಲೆ ಸರಿದಿತ್ತು. ಅಲ್ಲಿ ಯಂತ್ರಕ್ಕೆ ಜೋಡಿಸುವ ರಕ್ತನಾಳ ಹಗ್ಗದ ಹಾಗೆ ಉಬ್ಬಿತ್ತು, ಸುತ್ತ ಸೂಜಿಯ ಕಲೆ.

“ಗೊತ್ತಿದ್ದೂ ಯಾಕೆ ತಿಂದ್ರಿ?” ಅವಳ ದನಿ ಅವಳಿಗೇ ಕೇಳಿಸಲಿಲ್ಲ.

ಅವನು ಗೋಡೆ ನೋಡಿದ. “ಬೇಡ ಅಂದಿದ್ರೆ ಯಾಕೆ ಅಂತ ಹೇಳಬೇಕಾಗ್ತಿತ್ತು. ಹೇಳಿದ್ಮೇಲೆ ನೀನು ನನ್ನನ್ನ ರೋಗಿ ಥರ ನೋಡ್ತಿದ್ದೆ.” ಮೊದಲ ಸಲ ‘ನೀನು’ ಅಂದಿದ್ದ. ಅದು ಇಂಥ ಹೊತ್ತಿನಲ್ಲಿ ಬರಬೇಕಿತ್ತೇ! “ಒಂದು ಮಧ್ಯಾಹ್ನ ಎಲ್ಲರ ಹಾಗೆ ಇರಬೇಕು ಅನ್ನಿಸ್ತು. ಇದ್ದೆ. ಸಾಕು. ಇನ್ನು ನೀನು ಬರಬೇಡ.”

“ಹಾಗನ್ನಬೇಡಿ...”

“ಅಕ್ಕನ ಕಿಡ್ನಿ ಹೊಂದಲಿಲ್ಲ. ಬೇರೆಯದು ಸಿಗುತ್ತೋ ಇಲ್ವೋ. ಮುಳುಗೋ ದೋಣಿಗೆ ಯಾರಾದ್ರೂ ಹತ್ತುತ್ತಾರಾ? ಹೋಗು.”

ಹೋದಳು.

ಅವನು ಆಸ್ಪತ್ರೆಯಿಂದ ಅಕ್ಕನ ಮನೆಗೆ ಹೋದನಂತೆ. ಎದುರಿನ ಶಟರ್ ಮೇಲೇಳಲಿಲ್ಲ. ಅದರ ಮೇಲೆ ಧೂಳು ಕೂತಿತು. ಕ್ಯಾಂಟೀನಿನಲ್ಲಿ ಸೂಪು ಹೊತ್ತಿತು, ಬ್ರೆಡ್ಡು ಕರಕಲಾಯಿತು, ಅವಳಿಗೆ ವಾಸನೆಯೇ ಬರಲಿಲ್ಲ. ನಲ್ಲಿ ತಿರುಗಿಸಿದರೆ ಸಾಕು, ಬೀಳುವ ನೀರನ್ನು ನೋಡುತ್ತ ನಿಂತುಬಿಡುತ್ತಿದ್ದಳು.

ಲೋಟ ಎತ್ತಿದರೆ ಕುಡಿಯದೆ ಹಾಗೇ ಕೆಳಗಿಡುತ್ತಿದ್ದಳು. ‘ನನಗೆ ಬೇಕಾದಷ್ಟು ಕುಡಿಯೋ ಹಕ್ಕು ಯಾರು ಕೊಟ್ಟಿದ್ದು?’

“ನಿನ್ನ ಕೈಯಲ್ಲಿ ವಿಷ ಇರಲಿಲ್ಲ ಮಗಾ,” ಎಂದಳು ದೊಡ್ಡಮ್ಮ ಒಂದು ದಿನ. “ತಪ್ಪು ನನ್ನ ಮಾತಿನದ್ದು. ಚಮಚ ನಿಂತ್ರೆ ಊಟ ಅಂತ ದೊಡ್ಡ ಪಂಡಿತಳ ಹಾಗೆ ಒದರಿದ್ದು ನಾನು.”

ಟೈಲರ್ ಮಾವ ತಲೆ ಬಗ್ಗಿಸಿ ಬ್ರೆಡ್ಡು ಮುರಿದರು. ಆ ಮೂಲೆಯಲ್ಲಿ ಜಗಳವೂ ಸತ್ತುಹೋಗಿತ್ತು.

ಅಂದು ಮಧ್ಯಾಹ್ನ ಗಿರಾಕಿಗಳೆಲ್ಲ ಹೋದ ಮೇಲೆ ಅವಳು ಮೇಜಿನ ಮೇಲೆ ಬಟ್ಟಲುಗಳನ್ನು ಸಾಲಾಗಿಟ್ಟಳು. ಬ್ರೆಡ್ಡಿನ ತುಂಡು, ಬೆಂದ ಮೊಟ್ಟೆ, ಮೊಸರು, ಜೆಲ್ಲಿ, ಐಸ್‌ಕ್ರೀಮು. ಒಂದೊಂದರಲ್ಲಿ ಒಂದೊಂದು ಚಮಚ. ಗಲ್ಲಕ್ಕೆ ಕೈಯಾನಿಸಿ ಕುಳಿತಳು. ಯಾಕೆ, ಯಾರಿಗೋಸ್ಕರ, ಗೊತ್ತಿಲ್ಲ. ಇನ್ನು ಯಾರೂ ತಿನ್ನಲು ಬರುವುದಿಲ್ಲ. ಆದರೂ ಕಲಿಯಬೇಕಿತ್ತು. ಅಂದು ಕಲಿಯಬೇಕಾಗಿದ್ದನ್ನು ಇಂದಾದರೂ...

ಜೆಲ್ಲಿ ಸೆಕೆಗೆ ಸಡಿಲವಾಗಿ ಸುತ್ತ ಕೆಂಪು ನೀರು ಬಿಟ್ಟಿತು. ಅವಳು ಅದನ್ನು ಅಳತೆಯ ಲೋಟಕ್ಕೆ ಬಗ್ಗಿಸಿ, ಎಲ್ಲಿಯವರೆಗೆ ಬಂತೆಂದು ನೋಡಿದಳು.

“ಯಾರಿಗೆ ಈ ಪರೀಕ್ಷೆ?”

ಬಾಗಿಲಲ್ಲಿ ಅವನು! ಇಳಿದುಹೋಗಿದ್ದ. ಅಂಗಿ ಹೆಗಲಿಗೆ ತೂಗುಹಾಕಿದಂತಿತ್ತು. ಅವಳು ಕೈಯಲ್ಲಿದ್ದ ಅಳತೆಯ ಲೋಟವನ್ನು ಕೆಳಗಿಟ್ಟಳು.

“ಅಂಗಡಿ ಸಾಮಾನು ತಗೊಂಡು ಹೋಗೋಣ ಅಂತ ಬಂದೆ,” ಎಂದ ಅವನು. “ನಿಮ್ಮ ದೊಡ್ಡಮ್ಮ ರಸ್ತೆಯಲ್ಲೇ ತಡೆದು, ಒಳಗೆ ಹೋಗಿ ನೋಡು, ಕರಗೋದನ್ನೇ ನೋಡ್ತಾ ಕೂತಿದಾಳೆ ಅಂದ್ರು.”

“ಮೊಸರು ಪೂರ್ತಿ ನೀರಲ್ಲ,” ಅವಳು ತೊದಲಿದಳು, “ಆದ್ರೂ ಲೆಕ್ಕಕ್ಕೆ ಹಿಡಿಬೇಕಂತೆ, ನರ್ಸಮ್ಮನ್ನ ಕೇಳ್ಕೊಂಡು ಬಂದೆ. ಬ್ರೆಡ್ಡಿನದ್ದು ಚಿಂತೆ ಇಲ್ಲ. ಐಸ್‌ಕ್ರೀಮು... ಐಸ್‌ಕ್ರೀಮು ಇನ್ನೂ...”

ಕಣ್ಣೀರು ಬಂತು.

ಅವನು ಎದುರಿಗೆ ಕುಳಿತ. “ನಿನ್ನ ಕಂಡ್ರೆ ಹೊಟ್ಟೆಕಿಚ್ಚಾಗುತ್ತೆ. ಎಷ್ಟು ಸಲೀಸಾಗಿ ನೀರು ಹೊರಗೆ ಹಾಕ್ತೀಯ!”

ಅಳುವಿನ ನಡುವೆಯೇ ಅವಳಿಗೆ ನಗು ಬಂತು. ನಗುವಿನ ನಡುವೆ ಇನ್ನೂ ಅಳು.

“ಸತ್ತರೂ ಇಂಥ ಜೋಕು ಮಾಡ್ಬೇಡಿ.”

“ಸತ್ತ ಮೇಲೆ ಹೇಗೆ ಮಾಡಲಿ?” ಎಂದವನು ಜೆಲ್ಲಿಯ ಬಟ್ಟಲನ್ನು ಆಚೆಗೆ ಸರಿಸಿದ. “ಭಯ ಆಗುತ್ತೆ ಕಣೇ. ರಾತ್ರಿ ಅಲ್ಲ, ಹಗಲೇ ಭಯ ಆಗುತ್ತೆ. ಅಕ್ಕನ ಮುಂದೆ ಹೇಳೋಕಾಗಲ್ಲ.”

“ನನ್ನ ಮುಂದೆ ಹೇಳಿ.”

“ನನ್ನ ಜೊತೆ ಏನಿದೆ? ಎಲ್ಲಾ ಅಳತೆ. ಗುಟುಕು ಗುಟುಕು. ಹೊಟ್ಟೆ ತುಂಬ ಅನ್ನೋದೇ ಇಲ್ಲ. ಎಷ್ಟು ದಿನ ಅಂತ ಯಾರೂ ಹೇಳಲ್ಲ.”

“ಅಳತೆ ಹಾಕಿ ಬಡಿಸೋದು ನನ್ನ ಕಸುಬು,” ಎಂದಳು ಅವಳು. “ಸೌಟು ಅಂತ ಸುಮ್ನೆ ಕರೀತಾರಾ? ಆದ್ರೆ ಸುಳ್ಳು ಹೇಳ್ಬಾರ್ದು. ಬೇಡ ಅಂದ್ರೆ ಯಾಕೆ ಬೇಡ ಅಂತ ಹೇಳ್ಬೇಕು. ನನ್ನ ಕೈಯಿಂದಲೇ ನಿಮ್ಮನ್ನ ಮುಳುಗಿಸೋ ಹಾಗೆ ಮಾಡ್ಬೇಡಿ... ಅದೊಂದು ನನ್ನಿಂದ ತಡೆಯೋಕಾಗಲ್ಲ.”

ಅವನು ತುಂಬುತೋಳಿನ ಗುಂಡಿ ಬಿಚ್ಚಿದ. ನಿಧಾನವಾಗಿ ಮೇಲಕ್ಕೆ ಮಡಚಿದ. ಆ ಉಬ್ಬಿದ ನಾಳದ ಮೇಲೆ ಅವಳ ಬೆರಳನ್ನು ತಾನೇ ಇಟ್ಟುಕೊಂಡ. ಒಳಗೆ ರಕ್ತ ಗುಂಯ್‌ಗುಡುತ್ತಿತ್ತು, ಸಿಕ್ಕಿಬಿದ್ದ ದುಂಬಿಯ ಹಾಗೆ.

“ಇದು ನಿಂತ್ರೆ ಎಲ್ಲಾ ನಿಲ್ಲುತ್ತೆ.”

“ಈಗ ನಿಂತಿಲ್ವಲ್ಲ.”

“ಇವತ್ತು ಇನ್ನೂ ಎರಡು ಗುಟುಕು ಉಳಿದಿದೆ ನನ್ನ ಪಾಲಿಂದು.”

“ಏನು ಕೊಡಲಿ?”

ಅವನು ಒಣತುಟಿಯನ್ನು ಒದ್ದೆ ಮಾಡಿಕೊಂಡ. “ಅವತ್ತು ತಳ್ಳಿದ್ನಲ್ಲ... ಆ ಸೂಪು.”

ಅವಳು ಎದ್ದು ಒಳಗೆ ಹೋಗಿ ಅಳತೆಯ ಲೋಟದ ತಳದಲ್ಲಿ ಎರಡೇ ಗುಟುಕು ಸೂಪು ತಂದಳು. ಉಪ್ಪು ಹಾಕದ್ದು. ಅವನು ಒಂದು ಗುಟುಕು ಕುಡಿದು, ಲೋಟವನ್ನು ಅವಳತ್ತ ಸರಿಸಿದ.

“ಇದು ನಿನ್ನ ಪಾಲು.”

“ನನಗೆ ನೀರಿಗೆ ಬರವಾ?”

“ಬರ ಇಲ್ಲ. ಜೊತೆಗೆ ಕುಡಿ ಅಂದೆ, ಅಷ್ಟೇ.”

ಅವಳು ಲೋಟ ಎತ್ತಿದಳು. ಪಕ್ಕದ ಬಟ್ಟಲಿನ ಐಸ್‌ಕ್ರೀಮು ಅಷ್ಟು ಹೊತ್ತಿಗೆ ಪೂರಾ ಸೋತಿತ್ತು. ಅದರಲ್ಲಿ ಅಲ್ಲಿಯವರೆಗೂ ನೆಟ್ಟಗೆ ನಿಂತಿದ್ದ ಚಮಚ ಮೆಲ್ಲಗೆ ವಾಲಿ, ಅಂಚಿಗೆ ಟಣ್ ಎಂದು ಒರಗಿತು.