ಎದ್ದರೆ ಔಟ್

“ಸ್ವಲ್ಪ ಏಳ್ತೀರಾ? ಅದು ನನ್ನ ಕುರ್ಚಿ.”

“ಈಗ ಆಗಲ್ಲ.”

ಅವಳು ಬಾಗಿಲಲ್ಲೇ ನಿಂತಳು. ಕನ್ನಡಕದಂಗಡಿಯ ಮಹಡಿಯ ಮೇಲಿನ ಊಟದ ಕೋಣೆ ಅದು. ಬೆಳಗ್ಗೆಯಿಂದ ಕೆಳಗಿನ ಕತ್ತಲೆ ಕೋಣೆಯಲ್ಲಿ ಜನರ ಕಣ್ಣು ಪರೀಕ್ಷಿಸಿ, ಈ ಸಾಲು ಓದಿ, ಈಗ ಕಾಣ್ತಾ ಇದೆಯಾ ಎಂದು ಕೇಳಿ ಕೇಳಿ ಅವಳ ಗಂಟಲು ಒಣಗಿತ್ತು. ಊಟದ ಡಬ್ಬಿ ಹಿಡಿದು ಮೇಲೆ ಬಂದರೆ, ಟಿವಿಯ ಎದುರಿಗಿನ ಅವಳ ಕುರ್ಚಿಯಲ್ಲಿ ಯಾರೋ ಗುರುತಿಲ್ಲದವನು! ಅವನ ಏಪ್ರನ್ ತುಂಬಾ ಗಾಜಿನ ಬಿಳಿ ಪುಡಿ. ಲೆನ್ಸ್ ಉಜ್ಜಲು ಹೊಸಬರು ಬರುತ್ತಾರೆಂದು ಅಂಗಡಿಯ ಯಜಮಾನಮ್ಮ ಹೇಳಿದ್ದು ಆಗ ನೆನಪಾಯಿತು.

“ಯಾಕೆ ಆಗಲ್ಲ?”

“ಆಮೆ ಆಡ್ತಾ ಇದ್ದಾನೆ. ನಾನು ಎದ್ರೆ ಔಟಾಗ್ತಾನೆ.” ಅವನ ಕಣ್ಣು ಪರದೆಯಿಂದ ಕದಲಲಿಲ್ಲ.

ಆಮೆ ಎಂದರೆ ಕ್ರಿಕೆಟ್ ತಂಡದ ಆರಂಭಿಕ ಆಟಗಾರ. ಅಭಿಮಾನಿಗಳು ಇಟ್ಟ ಹೆಸರು. ಅವನು ಮೊದಲ ರನ್ ತೆಗೆಯುವಷ್ಟರಲ್ಲಿ ಒಲೆಯ ಮೇಲಿಟ್ಟ ನೀರು ಕುದಿದು ಆರಿಯೂ ಹೋಗುತ್ತದೆ ಎಂದು ಅವಳ ಅಕ್ಕ ಹಾಸ್ಯ ಮಾಡುತ್ತಿದ್ದಳು.

ಅವಳಿಗೆ ನಗು ತಡೆಯಲಾಗಲಿಲ್ಲ. ಎಲ್ಲೋ ದೂರದ ಮೈದಾನದಲ್ಲಿ ಆಡುವವನಿಗೆ ಇಲ್ಲಿ ನೀವು ಎದ್ದರೇನು, ಕೂತರೇನು ಎಂದು ಎಲ್ಲರೆದುರೇ ಅವನನ್ನು ಆಡಿಕೊಂಡಳು. ಓದು ಬರಹ ಬಲ್ಲವರೂ ಹೀಗಾದರೆ ಹೇಗೆ ಎಂದೂ ಸೇರಿಸಿದಳು. ಮೂಲೆಯಲ್ಲಿ ಕೂತಿದ್ದ ಯಜಮಾನಮ್ಮ ಅವಳತ್ತ ವಿಚಿತ್ರವಾಗಿ ನೋಡಿ ಸೆರಗಿನಲ್ಲಿ ನಗು ಮುಚ್ಚಿಕೊಂಡರು.

ನಗದೆ ಏನು ಮಾಡಿಯಾರು? ಅವಳ ಗುಟ್ಟು ಅವರೊಬ್ಬರಿಗೆ ಮಾತ್ರ ಗೊತ್ತಿತ್ತು.

ಅವಳ ಪ್ರಾಣ ಇದ್ದದ್ದು ಕಿಡಿಯ ಮೇಲೆ. ಐದನೆಯವನಾಗಿ ಆಡಲು ಬರುವ ಎಡಗೈ ಹುಡುಗ. ಬಂದ ಮೊದಲ ಚೆಂಡಿಗೇ ಮುನ್ನುಗ್ಗಿ ಬೀಸುವ ಧೈರ್ಯ ಅವನದು. ಆದರೆ ಅವನ ಆಟವನ್ನು ಅವಳು ನೇರ ಪ್ರಸಾರದಲ್ಲಿ ನೋಡಿ ವರ್ಷಗಳೇ ಆಗಿದ್ದವು. ಅವಳು ನೋಡಿದಾಗಲೆಲ್ಲ ಅವನು ಔಟಾಗಿದ್ದ. ಒಮ್ಮೆಯಲ್ಲ, ಮತ್ತೆ ಮತ್ತೆ. ಅಂದಿನಿಂದ ಕಿಡಿ ಕ್ರೀಸಿಗೆ ಬಂದನೆಂದರೆ ಅವಳು ಎದ್ದು ಹೊರಗೆ ಹೋಗಿ ಮೆಟ್ಟಿಲ ತಿರುವಿನಲ್ಲಿ ನಿಲ್ಲುತ್ತಿದ್ದಳು. ಯಜಮಾನಮ್ಮ ಆಗಾಗ ಬಾಗಿಲ ಕಡೆ ತಿರುಗಿ, ಇದ್ದಾನೆ, ಇನ್ನೂ ಇದ್ದಾನೆ ಎಂದು ಕೂಗುತ್ತಿದ್ದರು.

ಊರಿನವರ ಕಣ್ಣನ್ನೆಲ್ಲ ನೋಡುವವಳು ತನ್ನ ಕಣ್ಣಿಗೇ ಹೆದರುತ್ತಿದ್ದಳು! ಮೊದಲ ದಿನವೇ ಅವನನ್ನು ಅಷ್ಟು ಗೇಲಿ ಮಾಡಿದ ಮೇಲೆ ಇದನ್ನು ಹೇಳುವುದುಂಟೇ? ಬಾಯಿ ಬಿಟ್ಟರೆ ಬಣ್ಣಗೇಡು. ಅವನೆದುರು ಮಾತ್ರ ಪ್ರತಿ ಸಲ ಗಿರಾಕಿಯ ನೆಪ ಹೇಳಿ ಏಳುತ್ತಿದ್ದಳು.

ಜಗಳದಿಂದ ಶುರುವಾದದ್ದು ಮೆಲ್ಲಗೆ ಬೇರೆಯೇ ದಾರಿ ಹಿಡಿಯಿತು. ಊಟದ ಹೊತ್ತಿಗೆ ಅವನ ಪಕ್ಕದ ಕುರ್ಚಿ ಅವಳಿಗಾಗಿ ಖಾಲಿ ಇರುತ್ತಿತ್ತು. ಆಮೆ ಚೆಂಡು ಬಿಡುವುದರಲ್ಲೂ ಒಂದು ಚಂದವಿದೆ ಎಂದು ಅವನು ಹೇಳಿಕೊಟ್ಟ. ಹೈಲೈಟ್ಸ್‌ನಲ್ಲಿ ಕಂಡ, ಕಿಡಿ ಮಣಿಕಟ್ಟು ತಿರುಗಿಸುವ ಹೊಡೆತವನ್ನು ಅವಳು ಚಮಚ ಹಿಡಿದು ತೋರಿಸಿದಳು. ಅವಳ ಕನ್ನಡಕದ ಸಡಿಲ ಸ್ಕ್ರೂ ಯಾವಾಗಲೋ ಕೇಳದೆಯೇ ಬಿಗಿಯಾಗಿತ್ತು.

ಒಂದು ದಿನ ಅವಳು ಕೇಳಿದ್ದಳು, ಅಷ್ಟು ಜನರಲ್ಲಿ ಆಮೆಯೇ ಯಾಕೆ ಎಂದು.

“ನಮ್ಮಪ್ಪ ಯಾವ ಕೆಲಸದಲ್ಲೂ ನಿಂತೋರಲ್ಲ,” ಎಂದ ಅವನು. “ಮನೇಲಿ ಎಲ್ಲ ಅಲ್ಲಾಡ್ತಾ ಇದ್ದಾಗ ಟಿವಿಲಿ ಇವನೊಬ್ಬ ಸಂಜೆವರೆಗೂ ನಿಂತಿರ್ತಿದ್ದ. ನಾನೂ ಕೂತಿರ್ತಿದ್ದೆ. ನಿಮಗೆ ಕಿಡಿ ಯಾಕೆ?”

“ಅವನು ಹೆದರಲ್ಲ,” ಎಂದಳು ಅವಳು. ನಾನು ಎಲ್ಲದಕ್ಕೂ ಹೆದರುತ್ತೇನೆ ಎನ್ನುವುದನ್ನು ಮನಸ್ಸಿನಲ್ಲೇ ಇಟ್ಟುಕೊಂಡಳು.

ಆಮೇಲೆ ಬಂತು ಆ ದಿನ. ಪಂದ್ಯ ನಡೆಯುತ್ತಿತ್ತು, ಆಮೆ ಆಡುತ್ತಿದ್ದ. ಕೋಣೆಯಲ್ಲಿ ಅವರಿಬ್ಬರ ಜೊತೆ ಯಜಮಾನಮ್ಮ ಮಾತ್ರ, ಅವರೂ ತೂಕಡಿಸುತ್ತಿದ್ದರು. ಅವನು ಎರಡು ಸಲ ಗಂಟಲು ಸರಿಮಾಡಿಕೊಂಡ.

“ನಿಮ್ಮ ಹತ್ರ ಒಂದು ಮಾತು ಹೇಳ್ಬೇಕಿತ್ತು. ತುಂಬಾ ದಿನದಿಂದ...”

ಅವಳು ಡಬ್ಬಿಯ ಮುಚ್ಚಳ ಹಾಕಿ ಅವನತ್ತ ತಿರುಗಿದಳು. ಹೇಳಲಿ... ಬೇಗ ಹೇಳಲಿ...

ಅಷ್ಟರಲ್ಲಿ ಟಿವಿಯಲ್ಲಿ ಸ್ಟಂಪು ಹಾರಿತು. ಇನ್ನೊಂದು ತುದಿಯವನು ಔಟ್. ಕೈಗವಸು ಬಿಗಿದುಕೊಳ್ಳುತ್ತಾ ಕಿಡಿ ಮೈದಾನಕ್ಕೆ ಇಳಿಯುತ್ತಿದ್ದ.

ಅವಳು ತನಗರಿವಿಲ್ಲದೆಯೇ ಎದ್ದಳು. ಒಂದು ನಿಮಿಷ ಎಂದವಳು ಅವನ ಮುಖವನ್ನೂ ನೋಡದೆ ಹೊರಗೆ ನಡೆದುಬಿಟ್ಟಳು. ಮೆಟ್ಟಿಲ ತಿರುವಿನಲ್ಲಿ ಗೋಡೆಗೊರಗಿ ನಿಂತಳು. ಮಾತು ಅರ್ಧವಾಗಿದೆ, ಹಿಂದೆಯೇ ಬರುತ್ತಾನೆ ಎಂದು ಕಾದಳು. ಅವನು ಬರಲಿಲ್ಲ. ಆಮೆ ಆಡುತ್ತಿದ್ದಾನಲ್ಲ, ಹೇಗೆ ಎದ್ದಾನು? ಒಬ್ಬ ಆಟಗಾರನಿಗಿಂತ ನಾನು ಕಡಿಮೆಯಾದೆನೇ ಎಂದು ಅವಳ ಕಣ್ಣು ತುಂಬಿತು.

ಒಳಗೆ ಕುರ್ಚಿಗೆ ಅಂಟಿ ಕೂತವನ ಯೋಚನೆಯೇ ಬೇರೆ. ಹೇಳಲು ಬಾಯಿ ತೆರೆದಿದ್ದೇ ತಡ ಎದ್ದು ಹೋದಳು, ಇನ್ನು ಬೇರೆ ಉತ್ತರ ಏಕೆ ಎಂದುಕೊಂಡ. ಮರುದಿನದಿಂದ ಅವನ ಬಾಯಲ್ಲಿ ಎರಡೇ ಮಾತು. ಲೆನ್ಸ್ ರೆಡಿ, ಮೇಡಂ. ಬರ್ತೀನಿ, ಮೇಡಂ.

ಆ ಮೇಡಂ ಎನ್ನುವುದು ಬೈಗುಳಕ್ಕಿಂತ ಹೆಚ್ಚು ಚುಚ್ಚುತ್ತಿತ್ತು.

ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಮನೆಯಲ್ಲಿ ಅಡುಗೆಮನೆಯಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ ಅಲೆದಳು. ಕಾಲಿಗೆ ಚಕ್ರ ಕಟ್ಟಿಕೊಂಡಿದ್ದೀಯಾ ಎಂದು ಅಕ್ಕ ಗದರಿದಳು. ಅದೇ ವಾರ ಯಜಮಾನಮ್ಮ ಬೇರೆ ಊರಿನಲ್ಲಿ ಹೊಸ ಅಂಗಡಿ ತೆರೆಯುವ ವಿಷಯ ಎತ್ತಿದರು. ಅಲ್ಲಿಗೆ ಹೋಗಿ ನೋಡಿಕೊಳ್ಳುತ್ತೀಯಾ, ಶನಿವಾರ ಬಾಗಿಲು ಹಾಕುವುದರೊಳಗೆ ಹೇಳು ಎಂದರು. ಹೋಗಿಬಿಡುತ್ತೇನೆ ಎಂದು ಅವಳು ಅಕ್ಕನಿಗೆ ಹೇಳಿದಳು.

“ಹೋಗ್ತಿರೋದು ಕೆಲಸಕ್ಕಾ, ಇಲ್ಲ ಯಾರನ್ನೋ ನೋಡಬಾರದು ಅಂತಾನಾ?” ಎಂದು ಅಕ್ಕ ಕೇಳಿದಾಗ ಅವಳು ಮತ್ತೆ ಕಿಟಕಿಯತ್ತ ನಡೆದಳು.

ಶನಿವಾರವೇ ಫೈನಲ್. ಮಧ್ಯಾಹ್ನದ ಮೇಲೆ ಒಬ್ಬ ಗಿರಾಕಿಯೂ ಬರಲಿಲ್ಲ. ಅಂಗಡಿಯವರೆಲ್ಲ ಮಹಡಿಯ ಮೇಲೆ. ಅವನು ಅದೇ ಕುರ್ಚಿಯಲ್ಲಿ, ಅವಳು ಬಾಗಿಲ ಬಳಿ. ಹೊಸ ಊರಿಗೆ ಹೋಗುವ ಸುದ್ದಿ ಅವನ ಕಿವಿಗೂ ಬಿದ್ದಿತ್ತು. ಹಿಂದೆ ತಿರುಗಿ ನೋಡಬೇಕೆನ್ನಿಸಿದಾಗಲೆಲ್ಲ ಅವನು ಪರದೆಯನ್ನೇ ದಿಟ್ಟಿಸಿದ.

ಆಮೆ ಎಂಬತ್ತು ದಾಟಿದ. ಎದುರಿನವನು ಕ್ಯಾಚ್ ಕೊಟ್ಟ. ಕಿಡಿ ಬಂದ. ಅವಳು ಸದ್ದಿಲ್ಲದೆ ಎದ್ದು ಹೋದಳು.

ಸ್ವಲ್ಪ ಹೊತ್ತಿನಲ್ಲಿ ಯಜಮಾನಮ್ಮ ಬಾಗಿಲ ಕಡೆ ತಿರುಗಿ, ಇದ್ದಾನೆ ಕಣೇ ಎಂದು ಕೂಗಿದರು. ಅವರು ಹೀಗೆ ಕೂಗುವುದನ್ನು ಅವನು ಎಷ್ಟೋ ಸಲ ಕೇಳಿದ್ದ. ಕೆಳಗೆ ಬೀಗ ರಿಪೇರಿ ಮಾಡುವ ಪಕ್ಕದಂಗಡಿಯವನಿಗೆ ಹೇಳುತ್ತಾರೆ ಎಂದುಕೊಂಡಿದ್ದ. ಇವತ್ತು ಆ ‘ಕಣೇ’ ಅವನ ಕಿವಿಗೆ ಬಿತ್ತು. ಯಾರಿಗೆ ಹೇಳುತ್ತಿದ್ದೀರಿ ಎಂದು ಕೇಳಿದ.

“ಇನ್ಯಾರಿಗಪ್ಪಾ, ನಿನ್ನ ಮೇಡಂಗೆ. ತಾನು ನೋಡಿದ್ರೆ ಕಿಡಿ ಔಟಾಗ್ತಾನೆ ಅಂತ ಮೆಟ್ಟಿಲ ಮೇಲೆ ನಿಲ್ತಾಳೆ. ನಿನ್ನನ್ನ ಆಡ್ಕೊಂಡಿದ್ದಕ್ಕೆ ನಿನಗೆ ಹೇಳೋಕೆ ನಾಚಿಕೆ.”

ಅವನು ಬೆಪ್ಪಾಗಿ ಕೂತ. ಹಾಗಾದರೆ ಅವತ್ತು... ಅವಳು ಎದ್ದದ್ದು ನನ್ನ ಮಾತಿಗಲ್ಲ...

ಪರದೆಯ ಮೇಲೆ ಆಮೆ ತೊಂಬತ್ತೇಳರಲ್ಲಿದ್ದ. ಅವನು ಎದ್ದ. ಅವನ ಈ ಹುಚ್ಚನ್ನು ಬಲ್ಲ ಇಡೀ ಕೋಣೆ ಬೇಡ ಬೇಡ ಎಂದು ಬೊಬ್ಬೆ ಹಾಕಿತು. ಯಾರೋ ಏಪ್ರನ್ ಹಿಡಿದು ಜಗ್ಗಿದರು. ಏಪ್ರನ್ನನ್ನೇ ಬಿಚ್ಚಿ ಅವರ ಕೈಗೆ ಕೊಟ್ಟು ಅವನು ಮೆಟ್ಟಿಲಿಗೆ ಓಡಿದ.

ತಿರುವಿನಲ್ಲಿ ಅವಳು ಕನ್ನಡಕ ತೆಗೆದು ಒರೆಸುತ್ತಿದ್ದಳು. ಹೆಜ್ಜೆ ಸದ್ದಿಗೆ ತಲೆ ಎತ್ತಿದಳು.

“ಆಮೆ ಔಟಾದನಾ?”

“ಇಲ್ಲ. ಆಡ್ತಾ ಇದ್ದಾನೆ.”

ಅವಳಿಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಯಿತು. ಕೈಯಲ್ಲಿದ್ದ ಕನ್ನಡಕ ಮಸುಕಾಯಿತು, ಒರೆಸಿದಷ್ಟೂ ಮಸುಕು.

“ಮತ್ತೆ... ಎದ್ದು ಬಂದ್ರಾ?”

“ಅವತ್ತೇ ಬರ್ಬೇಕಿತ್ತು. ನಿಮಗೆ ಇಷ್ಟ ಇಲ್ಲ ಅಂದ್ಕೊಂಡೆ.”

“ಮಾತು ಶುರು ಮಾಡಿದ್ದು ನೀವು. ಕರೀದೆ ಕೂತುಬಿಟ್ರಿ. ನಾನು ಇಷ್ಟು ದಿನ, ರನ್ನಿಗೆ ಓಡಿ ಸಿಕ್ಕಿಕೊಂಡವರ ಹಾಗೆ, ಅರ್ಧ ಪಿಚ್ಚಲ್ಲಿ ನಿಂತಿದೀನಿ.”

“ಈಗ ಕರೀತಿದೀನಿ,” ಎಂದ ಅವನು. ಅವನ ಸ್ವರ ತಗ್ಗಿತ್ತು. “ನೀವಂದ್ರೆ ನನಗೆ ಇಷ್ಟ. ಹೋಗ್ಬೇಡಿ.”

ಅವಳು ಬಾಯಿ ತೆರೆಯುವ ಮೊದಲೇ ಮೇಲಿನ ಕೋಣೆ ಅಯ್ಯೋ ಎಂದು ನರಳಿತು. ಯಜಮಾನಮ್ಮನ ತಲೆ ಬಾಗಿಲಿನಿಂದ ಹೊರಗೆ ಬಂತು.

“ಆಮೆ ಔಟ್, ತೊಂಬತ್ತೆಂಟಕ್ಕೆ! ಎಲ್ಲಿ ಆ ಮಹರಾಯ?” ಎಂದವರ ಕಣ್ಣಿಗೆ ಇಬ್ಬರೂ ಬಿದ್ದರು. ಆಮೇಲೆ ಹೊಸ ಅಂಗಡಿಯ ವಿಷಯ ಏನು ಮಾಡಿದೆ ಎಂದು ಅವಳನ್ನು ಕೇಳಿದರು.

ಅವಳು ಕನ್ನಡಕ ಹಾಕಿಕೊಂಡಳು.

“ಬೇರೆಯವರನ್ನ ನೋಡಿ, ಯಜಮಾನಮ್ಮ. ನನಗೆ ಇಲ್ಲೇ ಕೆಲಸ ಇದೆ.”

ನನ್ನಿಂದ ನಿಮ್ಮವನ ಶತಕ ಹೋಯಿತಲ್ಲ ಎಂದು ಅವಳು ಪೇಚಾಡಿದಳು. ಹೋಗಲಿ, ಇನ್ನೊಂದು ಹೊಡೆಯುತ್ತಾನೆ ಎಂದು ಅವನು ಕೈ ಚಾಚಿದ. ಕಿಡಿ ಇನ್ನೂ ಆಡುತ್ತಿದ್ದ. ಅವಳು ಬಾಗಿಲವರೆಗೆ ಬಂದು ನಿಂತುಬಿಟ್ಟಳು. ಒಳಗಿದ್ದವರೆಲ್ಲ ಅವನನ್ನು ದುರುಗುಟ್ಟಿ ನೋಡುತ್ತಿದ್ದರು.

ಅವನು ತನ್ನ ಕುರ್ಚಿಯನ್ನು ಅವಳತ್ತ ಎಳೆದ.

“ಕೂತ್ಕೋ. ಇನ್ನು ಏಳ್ಬೇಡ.”

‘ಮೇಡಂ’ ಹೋಗಿತ್ತು, ‘ನೀವು’ ಕೂಡ ಹೋಗಿತ್ತು. ಅವಳು ಕೂತಳು. ಬೌಲರ್ ಓಡಿ ಬರುತ್ತಿದ್ದ.

“ಔಟಾದ್ರೆ?” ಎಂದು ಪಿಸುಗುಟ್ಟಿದಳು.

“ಇಬ್ರೂ ಸೇರಿ ಬೈಸ್ಕೊಳ್ಳೋಣ.”

ಅವಳು ಅವನ ಬೆರಳು ಬಿಗಿಯಾಗಿ ಹಿಡಿದು, ಕಣ್ಣು ತೆರೆದೇ ಕೂತಳು.